ಮೂರು ಪಿನ್ ಇದೆ ಅಂತ ನಂಬಬೇಡಿ, ಪ್ಲಗ್ ಬಿಚ್ಚಿ ನೋಡಿ

ನಮ್ಮ ಮನೆಯ ಕೂಲರ್ ಶಾಕ್ ಹೊಡೆದ ಈ ಕಥೆಯನ್ನು ಏಪ್ರಿಲ್‌ನಲ್ಲೇ ಬರೆಯಬೇಕಿತ್ತು. ಅರ್ಧ ತಪ್ಪು ನನ್ನದೇ, ಅದಕ್ಕೆ ನಾಚಿಕೆಯಾಗಿ ಸುಮ್ನೆ ಇದ್ದೆ. ಮೊನ್ನೆ ನಮ್ಮ ಓಣಿಯಲ್ಲಿ ಇನ್ನೊಬ್ಬರು ಅಂಥದ್ದೇ ಕೂಲರ್ ಆಟೋದಿಂದ ಇಳಿಸೋದನ್ನು ನೋಡಿದ ಮೇಲೆ ತಡೆಯಲಾಗಲಿಲ್ಲ.

ನಾವಿರೋದು ವಿಜಯಪುರದಲ್ಲಿ. ಇಲ್ಲಿಯ ಬೇಸಿಗೆ ಗೊತ್ತಿದ್ದವರಿಗೆ ಬೇರೆ ಹೇಳಬೇಕಾಗಿಲ್ಲ, ರಾತ್ರಿ ಹತ್ತಾದರೂ ಗೋಡೆ ಮುಟ್ಟಿದರೆ ಬೆಚ್ಚಗಿರುತ್ತದೆ. ಊರಲ್ಲೇ ಮಾಡಿದ ತಗಡಿನ ಕೂಲರ್ ತಂದೆವು. ಅಂಗಡಿ ಹೆಸರು ಕೇಳಬೇಡಿ, ಇದು ಒಂದೇ ಅಂಗಡಿಯ ಕಥೆಯಲ್ಲ. ಕಂಪನಿ ಇಲ್ಲ, ಬಿಲ್ಲೂ ಇಲ್ಲ. ಕಪ್ಪು ವೈರು, ತುದಿಗೆ ಮೂರು ಪಿನ್ನಿನ ಹೊಸ ಪ್ಲಗ್. ಆ ಮೂರನೇ ಪಿನ್ ನೋಡಿಯೇ ನನಗೆ ಸಮಾಧಾನ.

ಎಂಟು ದಿನಕ್ಕೆ ಅಕ್ಕನ ಮಗಳು ಬಂದು, "ಮಾಮಾ, ಕೂಲರ್ ಕಚ್ಚತೈತಿ" ಅಂದಳು. ನಾಲ್ಕು ವರ್ಷದ ಹುಡುಗಿ. ನಾನೂ ಮುಟ್ಟಿ ನೋಡಿದೆ, ಬೆರಳಿಗೆ ಇರುವೆ ಹರಿದ ಹಾಗೆ ಜುಮ್ ಅಂದಿತು. ಚಪ್ಪಲಿ ಹಾಕಿಕೊಂಡು ಮುಟ್ಟಿದರೆ ಅದೂ ಇಲ್ಲ. ನೀರಿನ ಸಾಮಾನು, ಹಸಿ ಇರ್ತದೆ, ಅಷ್ಟೇ ಅಂದುಕೊಂಡೆ. ಇದೇ ನನ್ನ ತಪ್ಪು. ಜುಮ್ ಅನ್ನೋ ತಗಡನ್ನು ಅವತ್ತೇ ಪ್ಲಗ್ ಕಿತ್ತು ಹೊರಗಿಡಬೇಕಿತ್ತು.

ಮುಂದಿನ ವಾರ ಅವ್ವ ಸ್ಟೀಲ್ ಕೊಡದಿಂದ ಕೂಲರ್‌ಗೆ ನೀರು ಹಾಕುತ್ತಿದ್ದಳು. ಬರಿಗಾಲು, ಕೆಳಗೆ ನೀರು ಚೆಲ್ಲಿದ ಫರ್ಶಿ ನೆಲ. ಕೊಡದ ಕಂಠ ತಗಡಿಗೆ ತಾಗಿತು. ಅಡುಗೆ ಮನೆಯಲ್ಲಿದ್ದ ನನಗೆ ಕೇಳಿದ್ದು ಕೊಡ ಬಿದ್ದ ಸದ್ದು ಮಾತ್ರ. ಓಡಿ ಬಂದರೆ ಅವ್ವ ಗೋಡೆಗೆ ಒರಗಿ ಕೂತಿದ್ದಾಳೆ, ಮಾತಿಲ್ಲ, ಬಲಗೈ ನಡುಗುತ್ತಿದೆ. ಕೊಡ ತುಂಬಿ ಭಾರವಿತ್ತು, ಕೈ ಜಾರಿ ಬಿತ್ತು, ಅದಕ್ಕೇ ಉಳಿದಳು. ಇಸಿಜಿ ತೆಗೆಸಿದೆವು, ಸರಿಯಿತ್ತು. ಮೊಣಕೈ ಮಾತ್ರ ಹದಿನೈದು ದಿನ ನೋಯುತ್ತಿತ್ತು.

ಇಷ್ಟಾದರೂ ಎಂಸಿಬಿ, ಅಂದರೆ ಕರೆಂಟ್ ಹೆಚ್ಚಾದರೆ ತಾನೇ ಬೀಳೋ ಸ್ವಿಚ್, ಬಿದ್ದಿರಲಿಲ್ಲ, ನೋಡಿ. ಫ್ಯಾನು ತಿರುಗುತ್ತಲೇ ಇತ್ತು.

ಸಂಜೆ ಪ್ಲಗ್ ಬಿಚ್ಚಿದೆ. ನಡುವೆ ಒಂದೇ ಸ್ಕ್ರೂ, ಮುಚ್ಚಳ ಎರಡು ಹೋಳಾಗಿ ಬರುತ್ತದೆ. ಒಳಗೆ ಒಂದು ಕೆಂಪು ವೈರು, ಒಂದು ಕಪ್ಪು. ಕೆಳಗಿನ ಎರಡು ಪಿನ್‌ಗೆ ಕಟ್ಟಿದ್ದಾರೆ. ಮೇಲಿನ ದಪ್ಪ ಪಿನ್, ಅಂದರೆ ತಗಡಿಗೆ ಸೋರಿದ ಕರೆಂಟನ್ನು ನೆಲಕ್ಕೆ ಕಳಿಸೋ ಅರ್ಥ್ ಪಿನ್, ಖಾಲಿ! ಅದರ ಪುಟ್ಟ ಹಿತ್ತಾಳೆ ಸ್ಕ್ರೂ ಫ್ಯಾಕ್ಟರಿಯಿಂದ ಬಂದಾಗಿನ ಹಾಗೇ ಹೊಳೆಯುತ್ತಿತ್ತು, ಯಾರೂ ಒಂದು ಸುತ್ತೂ ತಿರುಗಿಸಿರಲಿಲ್ಲ. ಕಟ್ಟೋಕೆ ಅರ್ಥ್‌ನ ಹಸಿರು ವೈರೇ ಇಲ್ಲ, ಕೂಲರ್‌ನಿಂದ ಬಂದದ್ದೇ ಎರಡೆಳೆಯ ವೈರು. ನಾನು ನಂಬಿದ್ದ ಮೂರನೇ ಪಿನ್ ಬರೀ ಶೋಕಿಗೆ.

ಆ ಪಿನ್‌ ಮಾಡಿದವರು ಎಷ್ಟು ಯೋಚನೆ ಮಾಡಿದ್ದಾರೆ ಅಂತ ನನಗೆ ಆಮೇಲೆ ಗೊತ್ತಾಯಿತು. ಈ ಗುಂಡು ಪಿನ್ನಿನ ನಮೂನೆ ಬ್ರಿಟಿಷರದ್ದು, 1934ರ ಬಿಎಸ್ 546 ಅನ್ನೋ ಅವರ ಸ್ಟ್ಯಾಂಡರ್ಡ್. ಅವರು 1947ರಲ್ಲಿ ಆಯತಾಕಾರದ ಪಿನ್ನಿನ ಹೊಸ ನಮೂನೆ ತಂದರು, ನಮ್ಮಲ್ಲಿ ಗುಂಡು ಪಿನ್ನೇ ಉಳಿಯಿತು. ಸ್ಕೇಲ್ ಇಟ್ಟು ನೋಡಿ: ಸಣ್ಣ ಪ್ಲಗ್‌ನ ಕೆಳಗಿನ ಪಿನ್‌ಗಳು ಒಂದೂವರೆ ಸೆಂಟಿಮೀಟರ್, ಮೇಲಿನದು ಎರಡು. ಉದ್ದ ಯಾಕೆ ಅಂದರೆ ಪ್ಲಗ್ ಹಾಕುವಾಗ ಅರ್ಥ್ ಮೊದಲು ತಾಗಬೇಕು, ಕೀಳುವಾಗ ಕೊನೆಗೆ ಬಿಡಬೇಕು. ಕರೆಂಟ್ ಇರುವಷ್ಟು ಹೊತ್ತೂ ಅರ್ಥ್ ಇರಬೇಕು. ದಪ್ಪ ಯಾಕೆ? ಅದು ತಪ್ಪಿಯೂ ಫೇಸ್ ತೂತಿಗೆ, ಅಂದರೆ ಕರೆಂಟ್ ಬರುವ ತೂತಿಗೆ ಹೋಗಬಾರದು. ಒಳ್ಳೆಯ ಸಾಕೆಟ್‌ಗಳಲ್ಲಿ ಈ ಉದ್ದ ಪಿನ್ನೇ ಕೆಳಗಿನ ತೂತುಗಳ ಮುಚ್ಚಳ ತೆಗೆಯುವ ಕೀಲಿ, ಮಕ್ಕಳು ಮೊಳೆ ತೂರಿಸಬಾರದು ಅಂತ. ನಾವೋ ಎರಡು ಪಿನ್ನಿನ ಚಾರ್ಜರ್ ಹಾಕೋಕೆ ಮೇಲಿನ ತೂತಿಗೆ ಪೆನ್ನು ತುರುಕಿ ಅದನ್ನು ತೆಗೆಯುತ್ತೇವೆ. ನಾನೂ ಎಷ್ಟೋ ಸಲ ಮಾಡಿದ್ದೇನೆ.

ಪ್ಲಗ್ ಒಳಗೆ ಅರ್ಥ್ ವೈರನ್ನು ಉಳಿದೆರಡಕ್ಕಿಂತ ಸ್ವಲ್ಪ ಉದ್ದ ಬಿಟ್ಟು ಕಟ್ಟಬೇಕಂತೆ. ಯಾರಾದರೂ ವೈರು ಹಿಡಿದು ಜಗ್ಗಿದರೆ ಫೇಸ್ ಮೊದಲು ಕಿತ್ತು ಬರಲಿ, ಅರ್ಥ್ ಕೊನೆಗೆ ಬರಲಿ ಅಂತ.

ಮೂರೆಳೆ ವೈರು ತಂದು ಹಸಿರನ್ನು ಕೂಲರ್ ತಗಡಿಗೆ ಬೋಲ್ಟ್ ಹಾಕಿ ಕಟ್ಟಿಸಿದೆ, ನೀರಲ್ಲಿ ಮುಳುಗಿದ್ದ ಪಂಪ್‌ನಿಂದ ಕರೆಂಟ್ ಸೋರುತ್ತಿತ್ತು, ಅದನ್ನೂ ಬದಲಿಸಿದೆ. ಮುಗಿಯಿತು ಅಂದುಕೊಂಡೆ. ವೈರ್‌ಮನ್ ಟೆಸ್ಟ್ ಲ್ಯಾಂಪಿನ ಒಂದು ತುದಿ ಫೇಸ್‌ಗೆ, ಇನ್ನೊಂದು ಗೋಡೆಯ ಅರ್ಥ್ ತೂತಿಗೆ ಇಟ್ಟರು. ಅರ್ಥ್ ಸರಿಯಿದ್ದರೆ ಉರಿಯಬೇಕು, ಬಲ್ಬ್ ಉರಿಯಲೇ ಇಲ್ಲ. ಬೋರ್ಡ್ ಬಿಚ್ಚಿದರೆ ಅಲ್ಲೂ ಅದೇ ಕಥೆ, ಅರ್ಥ್ ತೂತಿನ ಹಿಂದೆ ವೈರಿಲ್ಲ. ಆಗ ಅವರು ಹೇಳಿದ ಮಾತು ಕೇಳಿ: "ಒಂದು ತುಂಡು ವೈರ್ ನ್ಯೂಟ್ರಲ್‌ದಿಂದ ಅರ್ಥ್‌ಗೆ ಕೊಡ್ತೀನ್ರಿ ಸರ, ಬಲ್ಬ್ ಜಗ್ ಅಂತ ಉರೀತೈತಿ."

ಇದನ್ನು ದಯವಿಟ್ಟು ಯಾರೂ ಒಪ್ಪಬೇಡಿ. ಬಲ್ಬ್ ಉರಿಯುತ್ತದೆ, ನಿಜ. ಆದರೆ ಮುಂದೆ ಎಂದಾದರೂ ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರು, ಸಡಿಲಾಗಿ ಬಿಟ್ಟುಕೊಂಡರೆ, ಆ ತುಂಡು ವೈರಿನ ದಾರಿಯಲ್ಲೇ ಕರೆಂಟ್ ಬಂದು ಫ್ರಿಜ್, ಕೂಲರ್, ವಾಷಿಂಗ್ ಮಷೀನಿನ ಮೈಮೇಲೆ ಕೂರುತ್ತದೆ. ಆಗ ಅರ್ಥ್ ಪಿನ್ನೇ ಶಾಕ್ ತಂದುಕೊಡುತ್ತದೆ.

ನಾನು ಬೇರೆಯವರನ್ನು ಕರೆಸಿದೆ. ಬೋರ್ಡಿನಿಂದ ಹಿತ್ತಲವರೆಗೆ ಹೊಸ ಹಸಿರು ವೈರು ಎಳೆದರು. ಅಲ್ಲಿ ಹಳೆಯ ಅರ್ಥಿಂಗ್ ಗುಂಡಿ ಇತ್ತು, ಅರ್ಥ್ ವೈರನ್ನು ಮಣ್ಣಿಗೆ ಸೇರಿಸೋ ಪೈಪ್ ಹೂತಿರೋ ಗುಂಡಿ. ನಮ್ಮದು ಎರೆ ಮಣ್ಣು, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಪೈಪಿನ ಸುತ್ತ ಮಣ್ಣೇ ಬಿಟ್ಟುಕೊಂಡಿತ್ತು. ಪೈಪಿಗೆ ಹಾಕಿದ ಕ್ಲಾಂಪ್ ತುಕ್ಕು ಹಿಡಿದು ಕೈಗೆ ಪುಡಿಯಾಗಿ ಬಂತು. ಇದ್ದಿಲು, ಉಪ್ಪು ಹಾಕಿ ಹೊಸ ಗುಂಡಿ ಮಾಡಿಸಿದೆವು. ಈಗ ಬೇಸಿಗೆಯಲ್ಲಿ ತುಳಸಿಗೆ ನೀರು ಹಾಕಿದ ಮೇಲೆ ಗುಂಡಿಗೂ ಒಂದು ಬಕೆಟ್ ಹೋಗುತ್ತದೆ, ಮಣ್ಣು ಹಸಿ ಇದ್ದರೆ ಕರೆಂಟ್ ಸಲೀಸಾಗಿ ನೆಲಕ್ಕೆ ಇಳಿಯುತ್ತದೆ. ಮೀಟರ್ ಪಕ್ಕ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಕೂಡ ಕೂತಿದೆ, ಕರೆಂಟ್ ಚೂರು ಸೋರಿದರೂ ಅದು ತಾನೇ ಬಂದ್ ಮಾಡುತ್ತದೆ. ಎಂಸಿಬಿ ಬೀಳೋಕೆ ಆಂಪಿಯರ್‌ಗಟ್ಟಲೆ ಕರೆಂಟ್ ಬೇಕು. ಮನುಷ್ಯನ ಜೀವ ಹೋಗೋಕೆ ಅದರಲ್ಲಿ ಒಂದು ಚೂರು ಸಾಕು. ಅವತ್ತು ಎಂಸಿಬಿ ಬೀಳದೆ ಇದ್ದದ್ದು ಅದಕ್ಕೇ.

ಕೂಲರ್ ಅಂಗಡಿಗೂ ಹೋಗಿದ್ದೆ. ಜಗಳಕ್ಕಲ್ಲ, ಹೇಳಿ ಬರೋಣ ಅಂತ. ಅಂಗಡಿಯವರು ಒಳ್ಳೆಯವರೇ, ಚಹಾ ಕೊಟ್ಟರು. "ಎಲ್ಲಾರೂ ಹಿಂಗ ಕೊಡ್ತಾರ್ರೀ, ಮೂರೆಳಿ ವೈರ್ ಹಾಕಿದ್ರ ರೇಟ್ ಜಾಸ್ತಿ ಆಗ್ತೈತಿ, ಗಿರಾಕಿ ಮುಂದಿನ ಅಂಗಡಿಗೆ ಹೋಗ್ತಾರ" ಅಂದರು. ನಾವು ಮಾತಾಡುತ್ತಿರುವಾಗಲೇ ಪಕ್ಕದಲ್ಲಿ ಹುಡುಗ ಇನ್ನೊಂದು ಕೂಲರ್‌ಗೆ ಪ್ಲಗ್ ಕಟ್ಟುತ್ತಿದ್ದ. ಕೆಂಪು, ಕಪ್ಪು, ಮುಚ್ಚಳ, ಸ್ಕ್ರೂ. ಮುಂದಿನದು.

ಹಾಗಾಗಿ ಕೂಲರ್ ತರೋಕೆ ಹೋದವರು ದುಡ್ಡು ಕೊಡುವ ಮೊದಲು ಆ ಸ್ಕ್ರೂ ಅಲ್ಲೇ ಬಿಚ್ಚಿಸಿ. ಒಳಗೆ ಹಸಿರು ವೈರಿಲ್ಲದಿದ್ದರೆ ಮೇಲಿನ ಹಣ ನೀವೇ ಕೊಟ್ಟು ಮೂರೆಳೆ ಹಾಕಿಸಿಕೊಳ್ಳಿ. ಅದರ ಇನ್ನೊಂದು ತುದಿ ತಗಡಿಗೆ ಕಟ್ಟಿದೆಯೇ ಅಂತಲೂ ಬಗ್ಗಿ ನೋಡಿ, ಕೆಲವರು ಅದನ್ನು ಒಳಗೆ ಸುಮ್ನೆ ಮಡಚಿ ಬಿಟ್ಟಿರುತ್ತಾರೆ.