ಸೋನು ನಿಗಮ್, ಅಶ್ವಥ್, ಶ್ರೇಯಾ, ಜಾನಕಿ: ಮಳೆಗಾಲದಲ್ಲಿ ಕೇಳಿ ನೋಡಿದ್ದು

ಸೋನು ನಿಗಮ್ ದನಿ ನನಗೆ ಹಿಡಿಸುವುದಿಲ್ಲ ಅಂದರೆ ನಮ್ಮ ವಿರಾಜಪೇಟೆ ಕಡೆ ಗೆಳೆಯರು ಜಗಳಕ್ಕೇ ಬರುತ್ತಾರೆ. 2006ರಲ್ಲಿ 'ಮುಂಗಾರು ಮಳೆ' ಬಂತು, ಕಥೆ ನಡೆಯುವುದೂ ಮಡಿಕೇರಿಯಲ್ಲೇ, ಆಮೇಲೆ ಇಲ್ಲಿ ಅವರ ಹಾಡಿಲ್ಲದೆ ಮದುವೆ ಆಗಿದ್ದು ಕಡಿಮೆ. ರಾಗ ಇಷ್ಟ, ಸಾಹಿತ್ಯ ಇಷ್ಟ, ದನಿ ಮಾತ್ರ ತಟ್ಟುವುದಿಲ್ಲ. ಯಾಕಿರಬಹುದು ಅಂತ ಈ ಮಳೆಗಾಲದಲ್ಲಿ ಒಂದೇ ಸ್ಪೀಕರ್‌ನಲ್ಲಿ, ಒಂದೇ ವಾಲ್ಯೂಮ್ ಇಟ್ಟು, ಬೇರೆ ಬೇರೆ ಗಾಯಕರನ್ನು ಕೇಳಿ ನೋಡಿದೆ. ಇಯರ್‌ಫೋನ್‌ನಲ್ಲೂ ಕೇಳಿದೆ.

ಇಯರ್‌ಫೋನ್‌ನಲ್ಲಿ ಸೋನು ನಿಜಕ್ಕೂ ಚೆನ್ನ. ಹಿಡಿತ ಎಷ್ಟಿದೆ ಅಂತ ಗೊತ್ತಾಗುತ್ತದೆ, ಉಚ್ಚಾರದ ಬಗ್ಗೆಯೂ ನನ್ನ ತಕರಾರಿಲ್ಲ. ಆದರೆ ಶೀಟಿನ ಮೇಲೆ ಮಳೆ ಬಡಿಯುವಾಗ ಸ್ಪೀಕರ್‌ಗೆ ಹಾಕಿದರೆ ಸಾಲಿನ ಕೊನೆಯ ಪದಗಳೇ ಕೇಳುವುದಿಲ್ಲ. ಉಸಿರು ಬೆರೆಸಿ ಮೆಲ್ಲಗೆ ಹಾಡುವಾಗ ಧ್ವನಿತಂತುಗಳು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಗಾಳಿ ಸೋರುತ್ತದೆ, ದನಿಯ ಮೊನಚು ಹೋಗುತ್ತದೆ. ನಮ್ಮ ಕಿವಿ ಹೆಚ್ಚು ಚುರುಕಾಗಿರುವುದು ಸುಮಾರು 2,000ದಿಂದ 5,000 ಹರ್ಟ್ಸ್ ನಡುವೆ, ಅಲ್ಲೇ ದನಿಗೆ ಬಲ ಸಾಲದಿದ್ದರೆ ಮಳೆ ಸದ್ದು ಅದನ್ನು ನುಂಗಿಬಿಡುತ್ತದೆ. ಮೈಕನ್ನು ಬಾಯಿಯ ಹತ್ತಿರ ಇಟ್ಟರೆ ಮಾತ್ರ ನಿಲ್ಲುವ ಹಾಡುಗಾರಿಕೆ ಇದು.

ಸಿ. ಅಶ್ವಥ್ ಪೂರ್ತಿ ಉಲ್ಟಾ. ಮೇಲಿನ ಸ್ವರಕ್ಕೆ ಹೋದಾಗ ದನಿ ಒಡೆದಂತೆ ಅನ್ನಿಸುತ್ತದೆ, ಕಿರುಚುತ್ತಾರೆ ಅನ್ನುವವರೂ ಇದ್ದಾರೆ. ನನಗೆ ಬೇಕಾಗಿರುವುದು ಅದೇ. ಶಿಶುನಾಳ ಶರೀಫರ ಪದಗಳನ್ನು ಅವರು ಹಾಡುವಾಗ ಎಂಥ ಜಡಿಮಳೆಯಲ್ಲೂ ಒಂದಕ್ಷರ ಕಳೆದುಹೋಗಲಿಲ್ಲ. ಆ ಪದಗಳಲ್ಲಿ ಮಾತೇ ಮುಖ್ಯ ಅಲ್ವಾ, ಮಾತು ಕೇಳದಿದ್ದರೆ ಉಳಿಯುವುದೇನು?

ನನ್ನ ಕಿವಿ ಹೀಗಾಗಿದ್ದಕ್ಕೆ ದುಡಿಕೊಟ್ಟ್ ಪಾಟೇ ಕಾರಣ ಅಂತ ನನ್ನ ನಂಬಿಕೆ, ಅಂದರೆ ದುಡಿ ಅನ್ನುವ ಪುಟ್ಟ ಚರ್ಮವಾದ್ಯ ಬಾರಿಸುತ್ತಾ ಹೇಳುವ ಕೊಡವರ ಹಾಡು. ಸುಗ್ಗಿ ಹಬ್ಬ ಹುತ್ತರಿಯಲ್ಲಿ ನಾಲ್ಕು ಜನ ದುಡಿ ಹಿಡಿದು ನಿಲ್ಲುತ್ತಾರೆ, ಇಬ್ಬರು ಒಂದು ಸಾಲು ಹೇಳುತ್ತಾರೆ, ಇನ್ನಿಬ್ಬರು ಎತ್ತಿಕೊಳ್ಳುತ್ತಾರೆ. ಬಯಲಲ್ಲಿ, ಮೈಕಿಲ್ಲದೆ. ನಯ ಮಾಡುತ್ತಾ ಕೂತರೆ ಎದುರಿಗಿದ್ದವರಿಗೇ ಕೇಳಿಸುವುದಿಲ್ಲ. ಚಿಕ್ಕಂದಿನಿಂದ ಅದನ್ನೇ ಕೇಳಿಕೊಂಡು ಬೆಳೆದವರಿಗೆ ಪಿಸುದನಿ ಹಾಡು ಅನ್ನಿಸುವುದು ಕಷ್ಟ.

ಶ್ರೇಯಾ ಘೋಷಾಲ್ ವಿಷಯ ಬೇರೆ. ಅವರ ದನಿ ಮಳೆಯಲ್ಲೂ ಸ್ಪಷ್ಟ, ಶ್ರುತಿ ಅಲುಗುವುದಿಲ್ಲ. ನನಗೆ ಅಡ್ಡ ಬರುವುದು ಒಂದೇ ಅಳತೆಯ ಸಿಹಿ: ಅಳುವ ಹಾಡಿಗೂ ಅಷ್ಟೇ, ಕುಣಿಯುವ ಹಾಡಿಗೂ ಅಷ್ಟೇ, ಪ್ರತಿ ಊಟಕ್ಕೂ ಪಾಯಸ ಬಡಿಸಿದ ಹಾಗೆ. ಎಸ್. ಜಾನಕಿ ಮಗುವಿನ ಹಾಡಿಗೆ ಮಗುವಿನ ದನಿಯನ್ನೇ ತರುತ್ತಾರೆ, ಸಿಟ್ಟಿನ ಸಾಲಿಗೆ ಗಂಟಲು ಬಿಗಿ ಮಾಡುತ್ತಾರೆ, ಬೇಕಾದ ಕಡೆ ಚಂದವನ್ನು ಸುಮ್ನೆ ಬಿಟ್ಟುಕೊಡುತ್ತಾರೆ. ಇಬ್ಬರದೂ ಮಾತೃಭಾಷೆ ಕನ್ನಡವಲ್ಲ, ಹಾಗಾಗಿ ಇದು ಹೊರಗಿನವರು ಅನ್ನುವ ಜಗಳವೂ ಅಲ್ಲ.

ರಾಜೇಶ್ ಕೃಷ್ಣನ್ ನಡುವೆ ನಿಲ್ಲುತ್ತಾರೆ. ದನಿ ಮೆದುವೇ, ಆದರೆ ಒತ್ತಕ್ಷರಗಳನ್ನು ಸರಿಯಾಗಿ ಒತ್ತುತ್ತಾರೆ, ಸಾಲಿನ ಕೊನೆಯನ್ನು ಬಿಟ್ಟುಕೊಡುವುದಿಲ್ಲ. ಮೆದು ದನಿಯೇ ಬೇಕು ಅನ್ನುವವರಿಗೆ ನಾನು ಅವರನ್ನೇ ಹೇಳುತ್ತೇನೆ, ಅದೂ ಸ್ಪೀಕರ್‌ನಲ್ಲಿ ಕೇಳಿ.