ಗೋಲ್ಡ್, ಎಟೂಪ್, ಕೆನೆ ಬಣ್ಣ: ಹರ್ಮೆಸ್ ಬ್ಯಾಗಿಗೆ ನನ್ನ ಓಟು ಯಾವುದಕ್ಕೆ

ಮೊದಲೇ ಹೇಳಿಬಿಡುತ್ತೇನೆ, ಗೋಲ್ಡ್ ತಗೊಳ್ಳಿ. ಅದೂ ಟೋಗೋ ಲೆದರ್‌ನಲ್ಲಿ. ಕಪ್ಪು ಬೇಡ, ಕಣ್ಣಿಗೆ ಹೊಡೆಯುವ ಬಣ್ಣವೂ ಬೇಡ, ವರ್ಷಗಟ್ಟಲೆ ಹಿಡಿದರೂ ಬೇಜಾರಾಗದ ಒಂದು ವಾರ್ಮ್ ನ್ಯೂಟ್ರಲ್, ಅಂದರೆ ಎಲ್ಲದಕ್ಕೂ ಹೊಂದುವ ಬೆಚ್ಚನೆಯ ಬಣ್ಣ, ಬೇಕು ಅನ್ನುವವರಿಗೆ ಹರ್ಮೆಸ್‌ನ ಹೆಸರಾಂತ ಬ್ಯಾಗುಗಳಾದ ಬರ್ಕಿನ್ ಆಗಲಿ ಕೆಲ್ಲಿ ಆಗಲಿ, ನನ್ನ ಉತ್ತರ ಇದೇ. ಇಷ್ಟು ದುಡ್ಡು ಸುರಿಯುವ ವಸ್ತು. ಅದರ ಬಣ್ಣವನ್ನು ಫೋನ್ ನೋಡಿ ಆರಿಸಬಾರದು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಹೆಸರು ಗೋಲ್ಡ್ ಆದರೂ ಇದರಲ್ಲಿ ಮಿನುಗು ಇಲ್ಲ. ಕ್ಯಾರಮೆಲ್ ಕಂದು ಅಷ್ಟೇ. ಹತ್ತಿರದಿಂದ ನೋಡಿದರೆ ಆ ಕಂದಿನ ಒಳಗೆ ಸ್ವಲ್ಪ ಕೇಸರಿ ಛಾಯೆ ಕಾಣುತ್ತದೆ. ಅದೇ ಇದರ ಜೀವ. ಬಿಳಿ ಅಂಗಿ, ಕಡುನೀಲಿ, ಹಸಿರು, ಮಾಸಲು ಗುಲಾಬಿ, ಕಪ್ಪು, ಯಾವುದರ ಪಕ್ಕ ಇಟ್ಟರೂ ಸಪ್ಪೆ ಆಗುವುದಿಲ್ಲ. ಟೋಗೋ ಅಂದರೆ ಕರುವಿನ ಚರ್ಮ. ಮೇಲೆಲ್ಲ ಸಣ್ಣ ಸಣ್ಣ ಕಾಳಿನಂಥ ಉಬ್ಬು. ಬೆಳಕು ಒಂದು ಕಡೆಯಿಂದ ಬಿದ್ದಾಗ ಉಬ್ಬಿನ ತಲೆ ತಿಳಿಯಾಗಿ, ಸಂದು ಗಾಢವಾಗಿ ಕಾಣುತ್ತದೆ, ಹಾಗಾಗಿ ಒಂದೇ ಬಣ್ಣದಲ್ಲೇ ಎರಡು ಮೂರು ಕಂದು ಇದ್ದ ಹಾಗೆ ಅನ್ನಿಸುತ್ತದೆ. ಉಗುರು ತಾಗಿದ ಸಣ್ಣ ಗೀರು ಈ ಉಬ್ಬುಗಳ ನಡುವೆ ಬೇಗ ಕಣ್ಣಿಗೆ ಬೀಳುವುದಿಲ್ಲ.

ಇನ್ನು ಹೊಲಿಗೆ. ಗೋಲ್ಡ್ ಮೇಲೆ ಸಾಮಾನ್ಯವಾಗಿ ಬಿಳಿ ದಾರ ಇರುತ್ತದೆ. ಹರ್ಮೆಸ್ ಕಂಪನಿ 1837ರಲ್ಲಿ ಪ್ಯಾರಿಸ್‌ನಲ್ಲಿ ಕುದುರೆಯ ಸಾಮಾನು ಮಾಡುವ ಕಾರ್ಖಾನೆಯಾಗಿ ಶುರುವಾದದ್ದು, ಜೀನು ಹೊಲಿಯುವ ಪದ್ಧತಿಯನ್ನೇ ಬ್ಯಾಗಿಗೂ ತಂದಿದೆ: ಒಂದೇ ಮೇಣದ ದಾರ, ಎರಡು ತುದಿಗೆ ಎರಡು ಸೂಜಿ, ಕೈಯಲ್ಲೇ ಹೊಲಿಗೆ. ಒಂದು ಕಡೆ ದಾರ ಕಿತ್ತರೂ ಉಳಿದದ್ದು ಸರಸರ ಬಿಚ್ಚಿಕೊಳ್ಳುವುದಿಲ್ಲ. ಕಂದಿನ ಮೇಲೆ ಆ ಬಿಳಿ ಹೊಲಿಗೆ ಸ್ವಲ್ಪ ಓರೆಯಾಗಿ ಸಾಲಾಗಿ ಹೋಗುವುದನ್ನು ನೋಡುವುದೇ ಒಂದು ಖುಷಿ. ಕಪ್ಪು ಬ್ಯಾಗಿನಲ್ಲಿ ಇಷ್ಟು ಚೆಂದದ ಕೈಕೆಲಸ ಕಾಣಿಸುವುದೇ ಇಲ್ಲ, ಅಲ್ವಾ? ಆದರೆ ಬಿಳಿ ದಾರ ಬಿಳಿ ದಾರವೇ. ಹಿಡಿಯ ಹತ್ತಿರ ಕೈಯ ಬೆವರು, ಎಣ್ಣೆ ತಾಗಿ ಮಾಸುತ್ತದೆ. ಹಿಡಿಗೆ ಸಣ್ಣ ರೇಷ್ಮೆ ಸ್ಕಾರ್ಫ್ ಸುತ್ತುವವರು ಸುಮ್ನೆ ಶೋಕಿಗೆ ಸುತ್ತುವುದಲ್ಲ.

ಎಟೂಪ್ ಕೂಡ ಒಳ್ಳೆಯ ಬಣ್ಣ, ಅದನ್ನು ತಳ್ಳಿಹಾಕುವುದಿಲ್ಲ. ಆದರೆ ವಾರ್ಮ್ ಬೇಕು ಅಂತ ಹೊರಟವರಿಗೆ ಅದು ಅರ್ಧ ದಾರಿ ಮಾತ್ರ. ಬೂದು ಮತ್ತು ಕಂದು ಎರಡೂ ಸೇರಿದ ಶೇಡ್ ಅದು. ಮೋಡ ಕವಿದ ದಿನ ಬೂದಾಗಿ ಕಾಣುತ್ತದೆ, ಸಂಜೆ ಹಳದಿ ದೀಪದ ಕೆಳಗೆ ಕಂದಾಗುತ್ತದೆ. ಕೆಲವರಿಗೆ ಈ ಆಟವೇ ಇಷ್ಟ. ನಿಮ್ಮ ಬಟ್ಟೆಗಳಲ್ಲಿ ಬೂದು, ಕಪ್ಪು, ತಣ್ಣನೆಯ ನೀಲಿ ಜಾಸ್ತಿ ಇದ್ದು, ಹಾಕುವ ಒಡವೆ ಬೆಳ್ಳಿಯ ಬಣ್ಣದ್ದಾದರೆ ಗೋಲ್ಡ್‌ಗಿಂತ ಇದೇ ಸರಿ. ಕೆನೆ, ಇಟ್ಟಿಗೆ ಕೆಂಪು, ಆಲಿವ್ ಹಸಿರು ಹಾಕುವವರ ಕೈಯಲ್ಲಿ ಮಾತ್ರ ಅದು ಸ್ವಲ್ಪ ಮಂಕಾಗುತ್ತದೆ.

ಕ್ರೆ, ನಾಟಾ ಥರದ ತೀರಾ ತಿಳಿ ಬಣ್ಣಗಳ ಬಗ್ಗೆ ಎಲ್ಲರೂ ಆಸೆ ಪಡುತ್ತಾರೆ. ಫೋಟೋದಲ್ಲಿ ಅವಕ್ಕೆ ಸಾಟಿಯೇ ಇಲ್ಲ. ದಿನಾ ಹಿಡಿಯುವ ಬ್ಯಾಗಿಗೆ ಮಾತ್ರ ನಾನು ಬೇಡ ಅನ್ನುತ್ತೇನೆ, ಅದಕ್ಕೆ ಮುಖ್ಯ ಕಾರಣ ಜೀನ್ಸ್. ಜೀನ್ಸ್‌ಗೆ ಹಾಕುವ ಇಂಡಿಗೋ ಬಣ್ಣ ನೂಲಿನ ಒಳಗೆ ಪೂರ್ತಿ ಇಳಿಯದೆ ಮೇಲ್ಮೈಯಲ್ಲೇ ಕೂರುತ್ತದೆ, ಅದಕ್ಕೇ ಉಜ್ಜಿದ ಕಡೆಗೆಲ್ಲ ಹತ್ತುತ್ತದೆ. ಸೊಂಟಕ್ಕೆ ತಾಗುವ ಬ್ಯಾಗಿನ ಹಿಂಭಾಗದಲ್ಲಿ ನೀಲಿ ನೆರಳು ಕೂತರೆ ತೆಗೆಯುವುದು ಕಷ್ಟ. ಅಷ್ಟಾದರೂ ತಿಳಿ ಬಣ್ಣವೇ ಬೇಕು ಅಂದರೆ ಎಪ್ಸಮ್ ಲೆದರ್ ನೋಡಿ. ಅದರ ಗೆರೆಗಳು ಒತ್ತಿ ಮೂಡಿಸಿದವು, ಮೈ ಗಟ್ಟಿ, ಒರೆಸುವುದು ಸುಲಭ. ಸ್ವಿಫ್ಟ್ ಅನ್ನುವ ಇನ್ನೊಂದು ಲೆದರ್ ಕೈಗೆ ಬೆಣ್ಣೆಯ ಹಾಗೆ ಸಿಗುತ್ತದೆ, ಬಣ್ಣವನ್ನೂ ಚೆನ್ನಾಗಿ ಹಿಡಿಯುತ್ತದೆ, ಆದರೆ ಗೀರು ಬೇಗ ಕಾಣುತ್ತದೆ.

ಲೆದರ್ ವಿಷಯವನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಒಂದೇ ಹೆಸರಿನ ಬಣ್ಣ ಎರಡು ಲೆದರ್‌ನಲ್ಲಿ ಎರಡು ಥರ ಕಾಣುತ್ತದೆ. ನಯವಾದ ಮೈ ಬೆಳಕನ್ನು ಒಂದೇ ಸಮ ತಿರುಗಿಸುತ್ತದೆ, ಉಬ್ಬಿನ ಮೈ ಚದುರಿಸುತ್ತದೆ. ಬಣ್ಣದ ಹೆಸರು ಮಾತ್ರ ಹೇಳಿ ಬ್ಯಾಗ್ ಕೇಳುವುದು ಅರ್ಧ ಪ್ರಶ್ನೆ.

ಬರೇನಿಯಾ ಅಂತ ಇನ್ನೊಂದು ಲೆದರ್ ಇದೆ, ಅದೂ ಜೇನು ಕಂದು. ಆದರೆ ಅದು ಮುಟ್ಟಿದ್ದನ್ನೆಲ್ಲ ನೆನಪಿಟ್ಟುಕೊಳ್ಳುವ ಚರ್ಮ, ಬಳಸುತ್ತಾ ಬಳಸುತ್ತಾ ಗಾಢವಾಗುತ್ತದೆ. ಲೂಯಿ ವಿಟಾನ್ ಬ್ಯಾಗುಗಳ ತಿಳಿ ಹಿಡಿ ಬಿಸಿಲು, ಕೈಯೆಣ್ಣೆ ತಾಗಿ ಜೇನಿನ ಬಣ್ಣಕ್ಕೆ ತಿರುಗುವುದನ್ನು ನೋಡಿರುತ್ತೀರಿ, ಹೆಚ್ಚೂಕಮ್ಮಿ ಅದೇ ಸ್ವಭಾವ. ಕೊಂಡ ದಿನದ ಬಣ್ಣವೇ ಬೇಕು ಅನ್ನುವವರು ಆ ಕಡೆ ಹೋಗಬೇಡಿ.

ಹಾರ್ಡ್‌ವೇರ್, ಅಂದರೆ ಬ್ಯಾಗಿನ ಬೀಗದಂಥ ಲೋಹದ ಭಾಗಗಳ ಬಗ್ಗೆ ಒಂದೇ ಮಾತು. ಗೋಲ್ಡ್ ಬಣ್ಣಕ್ಕೆ ಚಿನ್ನದ ಬಣ್ಣದ್ದೇ ಬೀಗ ಹಾಕಿದರೆ ಇಡೀ ಬ್ಯಾಗ್ ಒಂದಾಗಿ ಕಾಣುತ್ತದೆ. ಬೆಳ್ಳಿ ಬಣ್ಣದ ಪಲೇಡಿಯಂ ಹಾಕಿದರೆ ಅದೇ ಬ್ಯಾಗ್ ಸ್ವಲ್ಪ ಸಾದಾ ಅನ್ನಿಸುತ್ತದೆ, ಹಗಲು ಹೊತ್ತಿಗೆ ಚೆನ್ನಾಗಿರುತ್ತದೆ.

ಅಂಗಡಿಯಲ್ಲಿ ನೋಡುವಾಗ ಬ್ಯಾಗನ್ನು ಕಿಟಕಿ ಹತ್ತಿರ ತಗೊಂಡು ಹೋಗಲು ಅನುಮತಿ ಕೇಳಿ, ನಾಚಿಕೆ ಬೇಡ. ಹಳದಿ ದೀಪದಲ್ಲಿ ಎಲ್ಲ ಕಂದೂ ಚೆಂದವೇ. ಹಗಲಿನ ಬೆಳಕಿಗೆ ಬಂದಾಗಲೇ ಒಳಗೆ ಹಳದಿ ಇದೆಯೋ, ಕೆಂಪೋ, ಬೂದೋ ಗೊತ್ತಾಗುವುದು. ದಿನಾ ಹಾಕುವ ಬಟ್ಟೆ, ದಿನಾ ಹಾಕುವ ಚಪ್ಪಲಿಯಲ್ಲೇ ಹೋಗಿ, ಹಬ್ಬಕ್ಕೆ ಹೊರಟ ಹಾಗೆ ಅಲ್ಲ. ಪೂರ್ತಿ ಕಾಣುವ ಕನ್ನಡಿಯಿಂದ ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿ. ದೊಡ್ಡ ಸೈಜಿನಲ್ಲಿ ಗೋಲ್ಡ್ ಸ್ವಲ್ಪ ಜೋರಾಗಿಯೇ ಕಾಣುತ್ತದೆ, ಅದು ನಿಜ. 35ರ (ಅಂದರೆ 35 ಸೆಂ.ಮೀ. ಅಗಲದ) ಬರ್ಕಿನ್‌ನಲ್ಲಿ ಅದು ಜಾಸ್ತಿ ಆಯಿತು ಅನ್ನಿಸಿದರೆ ಬಣ್ಣ ಬಿಡುವ ಮೊದಲು ಅದೇ ಬಣ್ಣದ 30 ಅಥವಾ 25 ಕೈಯಲ್ಲಿ ಹಿಡಿದು ನೋಡಿ.