ಅರ್ಧಕ್ಕೆ ನಿಂತ ಪುಷ್ಪಕ: ಇಡಿಯಾಗಿ ಕೊಡುವುದೋ, ಬಿಡಿಯಾಗಿ ಮಾರುವುದೋ

1958ರಲ್ಲಿ ಮೊದಲು ಹಾರಿದ ಎಚ್‌ಎಎಲ್‌ನ ಪುಟ್ಟ ವಿಮಾನ ಪುಷ್ಪಕದ್ದು ಉಕ್ಕಿನ ಕೊಳವೆಗಳ ಒಡಲು, ಬಟ್ಟೆ ಹೊದಿಕೆ, 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್. ಅಂಥದ್ದೊಂದು ಕಾಸರಗೋಡಿನ ಶೆಡ್ಡಿನಲ್ಲಿ ದುರಸ್ತಿ ಕೆಲಸ ಅರ್ಧಕ್ಕೆ ನಿಂತು ಕೂತಿದ್ದರೆ ಆಟಿಯ ಮಳೆಗೆ ಮೊದಲೇ ತೀರ್ಮಾನಿಸಿ. ಉಪ್ಪುಗಾಳಿ ಕಾಯುವುದಿಲ್ಲ.

ಇಡಿಯಾಗಿ ಕೊಟ್ಟರೆ ಹಣ ಕಡಿಮೆ, ಆದರೆ ವಿಮಾನ ವಿಮಾನವಾಗಿಯೇ ಉಳಿಯುತ್ತದೆ. ಒಡಲು, ಎಂಜಿನ್, ಪ್ರೊಪೆಲ್ಲರ್ ಮೂರರ ಲಾಗ್‌ಬುಕ್ (ಹಾರಾಟ, ದುರಸ್ತಿಗಳ ದಾಖಲೆ ಪುಸ್ತಕ) ಮತ್ತು ಡೇಟಾ ಪ್ಲೇಟ್ (ಗುರುತಿನ ಫಲಕ) ಜೊತೆಗಿರಬೇಕು. ಬಿಚ್ಚಿದ ಪ್ರತಿ ಬೋಲ್ಟಿಗೂ ಚೀಟಿ ಕಟ್ಟಿ. ಹೊಸಬರು ಸೋಲುವುದು ಇಲ್ಲೇ.

ಬಿಡಿಯಾಗಿ ಮಾರಿದರೆ ಒಟ್ಟು ಮೊತ್ತ ಹೆಚ್ಚಾಗಬಹುದು, ಆದರೆ ಎಂಜಿನ್, ಅದಕ್ಕೆ ಕಿಡಿ ಕೊಡುವ ಮ್ಯಾಗ್ನೆಟೊ, ಉಪಕರಣಗಳು ಮೊದಲು ಹೋಗಿ ಒಡಲು ನಿಮ್ಮಲ್ಲೇ ಉಳಿದುಬಿಡುತ್ತದೆ.

ಆಯ್ಕೆಗೆ ಮುನ್ನ ಬಾಲದ ಚಕ್ರದ ಬಳಿಯ ಕೆಳಗಿನ ಕೊಳವೆ ನೋಡಿ. ನೀರು ಅಲ್ಲಿಗೇ ಇಳಿಯುತ್ತದೆ, ತುಕ್ಕು ಒಳಗಿನಿಂದ ತಿನ್ನುತ್ತದೆ, ಹೊರಗಿನ ಬಣ್ಣ ಮಾತ್ರ ನಯವಾಗಿರುತ್ತದೆ. ಮೊನಚಾದ ಪಂಚ್ ಒತ್ತಿದಾಗ ತಗ್ಗು ಬಿದ್ದರೆ ಕೊಳವೆ ಬದಲಿಸಲೇಬೇಕು. ಎಂಜಿನ್ ಸಿಲಿಂಡರಿಗೆ ಹಾಕಿದ, ತೇವ ಹೀರುವ ಸಿಲಿಕಾ ಪ್ಲಗ್ ನೀಲಿಯಿಂದ ಗುಲಾಬಿಗೆ ತಿರುಗಿದ್ದರೆ ತೇವ ಹಿಡಿದಿದೆ. ಎಂಜಿನ್ನಿನ ಕವಾಟಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್‌ಗೂ ತುಕ್ಕು ಹಿಡಿದಿರುವ ಅನುಮಾನವಿರಲಿ. ಪರೀಕ್ಷಿಸಲೆಂದು ಪ್ರೊಪೆಲ್ಲರ್ ತಿರುಗಿಸಬೇಡಿ, ಉಳಿದ ಎಣ್ಣೆಯ ಪದರವೂ ಒರೆಸಿಹೋಗುತ್ತದೆ.

ಲಾಗ್‌ಬುಕ್ ಪೂರ್ತಿ ಇದ್ದು ಕೊಳವೆ ಗಟ್ಟಿಯಿದ್ದರೆ ಇಡಿಯಾಗಿಯೇ ಕೊಡಿ, ಬೆಲೆ ಇಳಿಸಿಯಾದರೂ. ದಾಖಲೆ ಕಳೆದು ಒಡಲೂ ಕೊಳೆತಿದ್ದರೆ ಬಿಡಿಭಾಗಗಳೇ ಸರಿ: ಅವು ಇನ್ನೊಂದು ಪುಷ್ಪಕವನ್ನು ಹಾರಿಸಬಹುದು. ವಸ್ತುಸಂಗ್ರಹಾಲಯಕ್ಕಾದರೆ ಹಾರುವ ಸ್ಥಿತಿ ಬೇಕಿಲ್ಲ, ಸಾಗಣೆ ಖರ್ಚು ಯಾರದ್ದೆಂದು ಮೊದಲೇ ಬರೆಸಿಕೊಳ್ಳಿ.